ಮಗನ ಕೊರಳಲ್ಲಿದ್ದ ಅವ್ವನ ಲಿಂಗ

ಮೊನ್ನೆ ನನ್ನ ಕೊರಳಿನ ಬೆಳ್ಳಿ ಕರಡಿಗೆಯ ಮುಚ್ಚಳ ಸಡಿಲವಾಗಿ, ಬಗ್ಗಿದರೆ ಸಾಕು ತೆರೆದುಕೊಳ್ಳತೊಡಗಿತು. ನ್ಯಾಮತಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬೆಳ್ಳಿ ಕೆಲಸದವನೊಬ್ಬನಿದ್ದಾನೆ. ಅವನಿಗೆ ಕರಡಿಗೆ ಕೊಟ್ಟು, ಒಳಗಿನ ಇಷ್ಟಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೈಯಲ್ಲೇ ಹಿಡಿದುಕೊಂಡು ಬೆಂಚಿನ ಮೇಲೆ ಕೂತೆ. ಹುಣಸೆಹಣ್ಣು ಹಾಕಿ ತಿಕ್ಕಿದ ಬೆಳ್ಳಿಯ ಹುಳಿ ವಾಸನೆ, ಕರಡಿಗೆಯ ಸಂದಿಯಲ್ಲಿ ವರ್ಷಗಟ್ಟಲೆ ಕೂತಿದ್ದ ವಿಭೂತಿಯ ವಾಸನೆ... ಅವನ ಮುಂದಿನ ತಟ್ಟೆಯಲ್ಲಿ ಬೇರೆಯವರ ಕರಡಿಗೆಗಳೂ ಇದ್ದವು. ನನ್ನದನ್ನು ಎತ್ತಿಕೊಡುತ್ತ, "ಅಮ್ಮಾ, ನಿಮ್ದೇ ತಾನೆ? ಸರಿಯಾಗಿ ನೋಡ್ಕಳ್ರಿ, ಎಲ್ಲಾ ಒಂದೇ ಥರ ಕಾಣ್ತಾವೆ" ಎಂದ.

ಅವನು ಸಹಜವಾಗಿ ಹೇಳಿದ ಮಾತು. ನನಗೆ ಮಾತ್ರ ಪಕ್ಕದ ಮನೆಯ ಅವ್ವ ನೆನಪಾದಳು.

ನಾನು ಜಗಳೂರಿನಿಂದ ಮದುವೆಯಾಗಿ ನ್ಯಾಮತಿಗೆ ಬಂದದ್ದು ಎಂಬತ್ತರ ದಶಕದ ಮೊದಲಿಗೆ. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಅವಳ ಹಿತ್ತಿಲಲ್ಲಿ ಮಂಡಕ್ಕಿ ಭಟ್ಟಿ ಇತ್ತು. ಗಂಡ ತೀರಿಕೊಂಡ ಮೇಲೆ ಅದನ್ನು ತಾನೇ ನಡೆಸುತ್ತಿದ್ದಳು. ಬೆಳಗಾದರೆ ಕಾದ ಮರಳಿನಲ್ಲಿ ಅಕ್ಕಿ ಅರಳುವ ಚಟಪಟ ಸದ್ದು, ಅದರ ಹಿಂದೆಯೇ ಬಿಸಿ ವಾಸನೆ ಗೋಡೆ ದಾಟಿ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಹೊಸದರಲ್ಲಿ ಅದರಿಂದ ನನಗೆ ತಲೆನೋವು. ಆಮೇಲೆ ಆ ವಾಸನೆ ಬರದಿದ್ದರೆ ಏನಾಯಿತಪ್ಪಾ ಎಂದು ಗೋಡೆಯ ಮೇಲಿಂದ ಇಣುಕುವಷ್ಟು ಅಭ್ಯಾಸವಾಯಿತು. "ಜಗಳೂರಿನೋಳು, ಹೆಸರಿನಾಗೇ ಜಗಳ ಇಟ್ಕಂಡು ಬಂದೀಯಲ್ಲೇ" ಎಂದು ರೇಗಿಸುತ್ತಲೇ ನನ್ನ ಸೆರಗಿಗೆ ಬಿಸಿ ಮಂಡಕ್ಕಿ ಸುರಿಯುತ್ತಿದ್ದಳು. ನನ್ನ ಬಾಯಿಯೂ ಕಮ್ಮಿಯದಲ್ಲ. ಅತ್ತೆಯ ಮನೆಯಲ್ಲಿ ಮುಚ್ಚಿಟ್ಟ ಬಾಯನ್ನು ಅವಳ ಹಿತ್ತಿಲಲ್ಲಿ ಬಿಚ್ಚುತ್ತಿದ್ದೆ.

ಅವಳಿಗೆ ಒಬ್ಬನೇ ಮಗ. ಸೈನ್ಯ ಸೇರಿದ್ದ. ಸೇರಿದವನು ಸುಮ್ಮನಿರದೆ, ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ಇಳಿಯುವ ಕಮಾಂಡೋಗಳ ಪಡೆಗೂ ಆಯ್ಕೆಯಾಗಿ ಹೋದ. ಊರಿನಲ್ಲಿ ಅವನ ಕೆಂಪು ಟೋಪಿಯ ಫೋಟೋ ನೋಡಿ ಹೊಗಳಿದವರೇ ಎಲ್ಲ. ಅವ್ವ ಮಾತ್ರ, "ನೆಲದ ಮ್ಯಾಲೆ ನಡಿಯಾಕೆ ಜಾಗ ಇಲ್ಲೇನು ಇವರಿಗೆ? ಆಕಾಶದಿಂದ ಯಾಕೆ ಇಳೀಬೇಕು?" ಎನ್ನುತ್ತಿದ್ದಳು. ಅವಳು ಹೊನ್ನಾಳಿ ಸೇತುವೆಯ ಮೇಲೆ ಬಸ್ಸು ಹೋಗುವಾಗ ಕಣ್ಣು ಮುಚ್ಚಿ ಶಿವ ಶಿವ ಎನ್ನುವ ಹೆಂಗಸು.

ಒಂದು ಬೇಸಿಗೆಯಲ್ಲಿ ಅವನು ರಜೆಗೆ ಬಂದು ಹೊರಡುವ ದಿನ ಆ ಎಡವಟ್ಟು ಆಯಿತು. ತಾಯಿ ಮಗ ಇಬ್ಬರೂ ಸ್ನಾನ ಮಾಡಿ ಒಟ್ಟಿಗೆ ಪೂಜೆಗೆ ಕೂತಿದ್ದರು. ನಾನು ದಾರಿಯ ಬುತ್ತಿಗೆ ರೊಟ್ಟಿ ಕೊಡಲು ಹೋಗಿ ಬಾಗಿಲಲ್ಲೇ ನಿಂತಿದ್ದೆ. ಪೂಜೆ ಮುಗಿಸಿ ಇಬ್ಬರ ಲಿಂಗಗಳೂ ಒಂದೇ ತಟ್ಟೆಯಲ್ಲಿ ವಿಭೂತಿ ಪತ್ರೆಗಳ ನಡುವೆ ಇದ್ದವು. ಅವನು, "ಅವ್ವ, ಈ ಸಲ ಬೆಳ್ಳಿ ಕರಡಿಗೆ ಬ್ಯಾಡ. ಹಗ್ಗದಾಗೆ ಇಳಿವಾಗ ಎದಿಗೆ ಒತ್ತತೈತೆ, ಬಿಸಿಲಿಗೆ ಹೊಳಿತೈತೆ. ಬಟ್ಟೆಯಾಗೆ ಕಟ್ಟಿಕೊಡು" ಎಂದ. ಅಷ್ಟರಲ್ಲಿ ಬೀದಿ ಮೂಲೆಯಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಅವ್ವ ಗಡಿಬಿಡಿಯಲ್ಲಿ ತನ್ನ ಹಳೇ ಹಸಿರು ಕುಬುಸದ ತುಂಡಿನಲ್ಲಿ ಲಿಂಗವನ್ನು ಬಿಗಿಯಾಗಿ ಸುತ್ತಿ, ಶಿವದಾರ ಹಾಕಿ, ತಾನೇ ಅವನ ಕೊರಳಿಗೆ ಕಟ್ಟಿದಳು. ಅವನು ಕಾಲಿಗೆ ಬಿದ್ದು ಓಡಿದ.

ಮಾರನೆಯ ಬೆಳಿಗ್ಗೆ ಅವಳ ಕೂಗಿಗೆ ನಾನು ಗೋಡೆ ಹಾರುವುದೊಂದು ಬಾಕಿ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಹೊರಳಿಸಿ ಹೊರಳಿಸಿ ನೋಡುತ್ತಿದ್ದಳು. ಅವಳ ಲಿಂಗದ ಮೇಲಿನ ಕಪ್ಪು ಲೇಪ, ಕಂತಿ, ಇಷ್ಟು ವರ್ಷದ ಪೂಜೆಯಲ್ಲಿ ಸವೆದು ಒಂದು ಕಡೆ ಚಪ್ಪಟೆಯಾಗಿತ್ತು. ಇದು ದುಂಡಗೆ ಹೊಳೆಯುತ್ತಿತ್ತು. ಮಗನದು! ಅವಳದು ಮಗನ ಕೊರಳಲ್ಲಿ ರೈಲು ಹತ್ತಿ ಹೋಗಿಯಾಗಿತ್ತು.

ನಮ್ಮವರಲ್ಲದವರಿಗೆ ಇದು ಚಪ್ಪಲಿ ಬದಲಾದಷ್ಟು ಸಣ್ಣದಾಗಿ ಕಂಡೀತು. ಆದರೆ ನಮ್ಮಲ್ಲಿ ಹುಟ್ಟಿದಾಗ ಕಟ್ಟಿದ ಲಿಂಗ ಸಾಯುವತನಕ ಮೈಮೇಲೆ ಇರಬೇಕು, ಸತ್ತರೆ ಎಡ ಅಂಗೈಯಲ್ಲಿ ಇಟ್ಟುಕೊಂಡೇ ಮಣ್ಣಿಗೆ ಹೋಗಬೇಕು. ಅವ್ವ ಅಂದು ನೀರು ಕೂಡ ಮುಟ್ಟಲಿಲ್ಲ. ಭಟ್ಟಿ ಹಚ್ಚಲಿಲ್ಲ. ಕೊನೆಗೆ ನಾನೇ ಮಠದಯ್ಯನವರನ್ನು ಕರೆದುಕೊಂಡು ಬಂದೆ. ಅವರು ಹಿರಿಯರು, ಮೆತ್ತಗಿನ ಮನುಷ್ಯ. "ತಾಯಿ ಮಗನ ನಡುವೆ ಯಾವ ಲೆಕ್ಕಾನವ್ವ? ಅವನು ಬರೋ ತನಕ ಅವನದನ್ನ ನೀವು ಪೂಜೆ ಮಾಡ್ರಿ, ನಿಮ್ಮದನ್ನ ಅವನು ಮಾಡ್ಲಿ. ಬಂದಾಗ ಬದಲಾಯಿಸಿ ಕೊಡ್ತೀನಿ, ಈಗ ಊಟ ಮಾಡ್ರಿ" ಎಂದರು. ಆಮೇಲೆಯೇ ಅವಳು ಒಂದು ತುತ್ತು ಉಂಡದ್ದು.

ಅವಳು ಹೇಳಿದಂತೆ ನಾನು ಮಗನಿಗೆ ಕಾರ್ಡು ಬರೆದೆ. ಅವನ ಉತ್ತರ ಬಂತು. ಮೊದಲ ದಿನವೇ ಗೊತ್ತಾಯಿತಂತೆ. "ಅವ್ವ, ನೀನೀಗ ನನ್ನ ಎದೆ ಮೇಲೆ ಕೂತುಕೊಂಡು ಹೆಲಿಕಾಪ್ಟರಿನಿಂದ ಇಳಿಯುತ್ತಿದ್ದೀಯ. ಹೊನ್ನಾಳಿ ಸೇತುವೆಗೇ ಹೆದರುತ್ತಿದ್ದೆಯಲ್ಲ, ಈಗ ಹೇಗೆ? ಗೌರಿ ಹಬ್ಬಕ್ಕೆ ನಿನ್ನನ್ನು ಕರೆದುಕೊಂಡು ಬರುತ್ತೇನೆ" ಎಂದು ಬರೆದಿದ್ದ. ನಾನು ಓದಿದ್ದಕ್ಕೆ ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಭಾಡ್ಯಾ, ನನ್ನೂ ಮಿಲಿಟ್ರಿಗೆ ಸೇರಿಸಿಬಿಟ್ನಲ್ಲೇ" ಎಂದಳು. ಅವಳು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ.

ಗೌರಿ ಹಬ್ಬ ಹತ್ತಿರ ಬಂದಿತ್ತು. ಬೆಳಗಿನ ವಾರ್ತೆಗೆ ನಮ್ಮ ರೇಡಿಯೋ ಹಚ್ಚಿಟ್ಟು ನಾನು ಸೊಪ್ಪು ಬಿಡಿಸುತ್ತಿದ್ದೆ. ಕಮಾಂಡೋಗಳನ್ನು ಹೊತ್ತಿದ್ದ ಸೇನೆಯ ಹೆಲಿಕಾಪ್ಟರೊಂದು ಸಮುದ್ರದ ಮೇಲೆ ಹಾರುತ್ತಿದ್ದಾಗ ಸಂಪರ್ಕ ಕಳೆದುಕೊಂಡಿದೆ, ಹುಡುಕಾಟ ನಡೆದಿದೆ ಎಂದರು. ಅಷ್ಟೇ. ಮುಂದಿನ ಸುದ್ದಿಗೆ ಹೋದರು. ಯಾವ ಪಡೆ, ಯಾರ ಮಕ್ಕಳು, ಒಂದೂ ಹೇಳಲಿಲ್ಲ. ಗೋಡೆಯಾಚೆ ಚಟಪಟ ಸದ್ದು ನಿಂತುಹೋಯಿತು. ನಾನು ತಿರುಗಿ ನೋಡುವಷ್ಟರಲ್ಲಿ ಅವ್ವ ನಮ್ಮ ಹಿತ್ತಿಲ ಬಾಗಿಲಲ್ಲಿದ್ದಳು. ಕೈಯಲ್ಲಿ ಮರಳು ಕೆದಕುವ ಸೌಟು ಹಾಗೇ ಇತ್ತು.

"ಸಂಪರ್ಕ ಕಳಕಂಡೈತೆ ಅಂದ್ರೆ ಏನೇ?"

"ರೇಡಿಯೋದಾಗೆ ಮಾತಾಡಾಕೆ ಸಿಕ್ಕಿಲ್ಲ ಅಂತ ಅವ್ವ. ಅಷ್ಟೇಯ" ಎಂದೆ.

"ಮಾತಾಡಾಕೆ ಸಿಕ್ಕಿಲ್ಲ ಅಷ್ಟೇಯ..." ಎಂದು ತಾನೂ ಒಂದು ಸಲ ಹೇಳಿಕೊಂಡಳು. ಆಮೇಲೆ ಕೇಳಿದಳು, "ಸಮುದ್ರ ಅಂದ್ರೆ ಹೊನ್ನಾಳಿ ಹೊಳೆಗಿಂತ ಎಷ್ಟು ದೊಡ್ಡದು?"

ನಾನಾದರೂ ಎಲ್ಲಿ ನೋಡಿದ್ದೆ ಸಮುದ್ರ? ಜಗಳೂರಿನವಳಿಗೆ ಕೆರೆ ತುಂಬಿದರೇ ಸಮುದ್ರ.

ಪೋಸ್ಟ್ ಆಫೀಸಿನಿಂದ ಟ್ರಂಕ್ ಕಾಲ್ ಮಾಡಿಸಿದರೆ ಅವನ ಪಡೆಯವರು ಏನೂ ಹೇಳಲಿಲ್ಲ. ರೇಡಿಯೋ ಹಚ್ಚಲು ಹೆದರಿಕೆ, ಹಚ್ಚದಿರಲು ಇನ್ನೂ ಹೆದರಿಕೆ. ಬೆಳಿಗ್ಗೆ ಸಂಜೆ ಅವ್ವ ಬಂದು ನಮ್ಮ ಹೊಸಿಲ ಮೇಲೆ ಕೂರುತ್ತಿದ್ದಳು. ಹೊಸಿಲ ಮೇಲೆ ಕೂರಬಾರದು ಎನ್ನುವ ನಮ್ಮತ್ತೆಯೂ ಬಾಯಿ ಬಿಡಲಿಲ್ಲ. ಹುಡುಕಾಟ ಮುಂದುವರಿದಿದೆ ಎಂದರೆ ಅವಳಿಗೆ ಅದೇ ದೊಡ್ಡ ಪ್ರಸಾದ. "ಹುಡುಕ್ತಾ ಅವರಲ್ಲ ಇನ್ನೂ" ಎಂದು ಎದ್ದು ಹೋಗುತ್ತಿದ್ದಳು. ಒಂದು ದಿನ ವಾರ್ತೆಯಲ್ಲಿ ಆ ಮಾತೇ ಬರಲಿಲ್ಲ. ವಾರ್ತೆ ಮುಗಿದು, ಅಡಿಕೆ ಧಾರಣೆ ಮುಗಿದು, ರೈತರಿಗೆ ಸಲಹೆ ಶುರುವಾದರೂ ಏಳದೆ ಕೂತೇ ಇದ್ದಳು.

ಎಲ್ಲಕ್ಕಿಂತ ಕಷ್ಟ ಬೆಳಗಿನ ಪೂಜೆಯ ಹೊತ್ತು. ಅವಳ ಎಡಗೈ ನಡುಗತೊಡಗಿತ್ತು. ಆ ಕೈಯಲ್ಲಿ ಮಗನ ಲಿಂಗ. ಅದು ಜಾರಿ ನೆಲಕ್ಕೆ ಬಿದ್ದರೆ ಅಲ್ಲಿ ಮಗನ ಕಥೆ ಮುಗಿದಂತೆ ಎಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. "ಬಾರೇ, ಕೆಳಗೆ ಕೈ ಹಿಡಿ" ಎಂದು ನನ್ನನ್ನು ಕರೆಯುತ್ತಿದ್ದಳು. ನಾನು ಎದುರು ಕೂತು, ಅವಳ ಅಂಗೈ ಕೆಳಗೆ ನನ್ನ ಬೊಗಸೆ ಒಡ್ಡಿ ಕೂರುತ್ತಿದ್ದೆ. ಅವಳು ಕಣ್ಣು ಮುಚ್ಚಿದ್ದರೂ ನಾನು ರೆಪ್ಪೆ ಮಿಟುಕಿಸುತ್ತಿರಲಿಲ್ಲ. ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು. ಆದರೆ ಆ ಲಿಂಗ ಅಲುಗಿದಾಗಲೆಲ್ಲ ನನ್ನ ಜೀವವೂ ಬಾಯಿಗೆ ಬರುತ್ತಿತ್ತು.

ಅದರ ನಡುವೆ ಚುನಾವಣೆಯ ಭಾಷಣಕ್ಕೆಂದು ಯಾರೋ ದೊಡ್ಡವರು ಹೊನ್ನಾಳಿಗೆ ಹೆಲಿಕಾಪ್ಟರಿನಲ್ಲಿ ಬಂದರು. ಅದು ನಮ್ಮೂರ ಮೇಲೆಯೇ ತಗ್ಗಿನಲ್ಲಿ ಹಾದುಹೋಯಿತು. ಊರಿಗೆ ಊರೇ ಬೀದಿಗೆ ಬಿದ್ದು ಕೂಗಿತು. ನಾನು ಗೋಡೆಯ ಮೇಲಿಂದ ನೋಡಿದರೆ ಅವ್ವ ಭಟ್ಟಿಯ ಪಕ್ಕ ಎರಡೂ ಕಿವಿ ಮುಚ್ಚಿಕೊಂಡು ಕುಕ್ಕುರುಗಾಲಲ್ಲಿ ಕೂತಿದ್ದಳು. ಸದ್ದು ದೂರವಾದ ಮೇಲೆ ಕೇಳಿದಳು, "ಇಳೀತೇನೇ? ಸರಿಯಾಗಿ ಇಳೀತೇ?"

ಹಬ್ಬ ಕಳೆದು ಒಂದು ಮಧ್ಯಾಹ್ನ ಮಿಲಿಟರಿ ಜೀಪು ಬಂತು. ಇಬ್ಬರು ಅಧಿಕಾರಿಗಳು, ಅವನ ಕಪ್ಪು ಟ್ರಂಕು. ಆ ಹೆಲಿಕಾಪ್ಟರಿನಲ್ಲಿ ಅವನೂ ಇದ್ದ. ಹುಡುಕಾಟ ನಿಲ್ಲಿಸಿದ್ದಾರೆ, ಯಾರೂ ಸಿಕ್ಕಿಲ್ಲ, ಎಲ್ಲರೂ ತೀರಿಕೊಂಡಿದ್ದಾರೆಂದೇ ತಿಳಿಯಬೇಕು ಎಂದು ಹೇಳಿ, ನೆಟ್ಟಗೆ ನಿಂತು ಸೆಲ್ಯೂಟ್ ಮಾಡಿದರು. ಅವ್ವ ಅವರಿಗೆ ಕೂರಲು ಚಾಪೆ ಹಾಸಿದಳು, ಮಂಡಕ್ಕಿ ಕೊಟ್ಟಳು. ಅಳಲಿಲ್ಲ. ಅವರನ್ನು ಕೇಳಿದ್ದು ಒಂದೇ, "ಅವನ ಕೊರಳಾಗೆ ಹಸಿರು ಬಟ್ಟೆ ಇತ್ತಾ ಸ್ವಾಮಿ?" ಅವರಿಗೆ ಅರ್ಥವಾಗಲಿಲ್ಲ. ನನ್ನ ಗಂಡ ತನ್ನ ಹರಕು ಹಿಂದಿಯಲ್ಲಿ ಹೇಳಿದ. ಇತ್ತು, ಯಾವತ್ತೂ ತೆಗೆಯುತ್ತಿರಲಿಲ್ಲ ಎಂದರು.

ಸುದ್ದಿ ತಿಳಿದು ಕೆರೆಬಿಳಚಿಯಿಂದ ಅವಳ ಮೈದುನ ಬಂದ. ಮೂರು ದಿನ ಸುಮ್ಮನಿದ್ದು, ನಾಲ್ಕನೆಯ ದಿನ ಮಠದಯ್ಯನವರನ್ನೇ ಕೂರಿಸಿಕೊಂಡು ಮಾತು ತೆಗೆದ. ದೇಹವಿಲ್ಲ ನಿಜ, ಅವನ ಲಿಂಗ ಇದೆಯಲ್ಲ, ಗುಣಿ ತೆಗೆದು ಅದನ್ನೇ ಮಣ್ಣು ಮಾಡೋಣ ಎಂದ. ಮನೆಯಲ್ಲಿ ಮಗಳ ಮದುವೆ ಗೊತ್ತಾಗಿದೆ, ಸಾವಿನ ಕಾರ್ಯ ಮುಗಿಸದೆ ಬಿಟ್ಟರೆ ಬೀಗರು ಏನೆಂದಾರು ಎಂದ. ಲಿಂಗ ಕಟ್ಟಿದ ನಮಗೆ ಸೂತಕವಿಲ್ಲ ಎಂದು ಭಾಷಣ ಮಾಡುವವರ ಬಾಯಲ್ಲೇ ಈ ಮಾತು! ನನಗೆ ಮೈ ಉರಿದುಹೋಯಿತು. ಆದರೆ ಅವನ ಕಣ್ಣುಗಳೂ ಅತ್ತು ಅತ್ತು ಊದಿಕೊಂಡಿದ್ದವು, ಅದನ್ನೂ ಹೇಳಬೇಕು. ಆ ಹುಡುಗನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಅವನು.

"ಅದನ್ನ ಮಣ್ಣಾಗೆ ಇಟ್ರೆ, ನಾಳೆ ಅವನು ಬಂದು ನನ್ನ ಲಿಂಗ ಎಲ್ಲವ್ವ ಅಂದ್ರೆ ಏನ್ ಕೊಡ್ಲಿ?" ಎಂದಳು ಅವ್ವ.

"ಅತ್ತಿಗೆ, ಅವನು ಬರಲ್ಲ ಕಣವ್ವ..." ಮೈದುನನ ದನಿ ಒಡೆಯಿತು. "ಅವನಿಗೊಂದು ಹಿಡಿ ಮಣ್ಣಾದ್ರೂ ಬ್ಯಾಡವಾ? ನೀರಾಗೆ ಹಂಗೇ ಬಿಡಾಣಾ?"

ಅವಳು ಕೊರಳಿನ ಶಿವದಾರಕ್ಕೆ ಕೈ ಹಾಕಿದಳು. ಈಗ ಒಪ್ಪಿಬಿಡುತ್ತಾಳೆ ಎಂದುಕೊಂಡೆ. ಒಪ್ಪಿದರೆ ಅವಳು ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಿತ್ತು.

"ನೀರಿಗೆ ಬಿದ್ದೋನ ಎದೆ ಮ್ಯಾಲೆ ಇದ್ದದ್ದು ನನ್ನ ಲಿಂಗ" ಎಂದಳು. "ಹಂಗಾರೆ ಹೋದೋಳು ನಾನು. ಅವನು ಇಲ್ಲಿ ನನ್ನ ಕೊರಳಾಗೆ ಅವನೆ. ಮಣ್ಣು ಮಾಡೋದಾದ್ರೆ ನನ್ನ ಮಾಡ್ರಿ, ಬರ್ತೀನಿ. ಇದನ್ನ ಮಾತ್ರ ಕೇಳಬ್ಯಾಡ್ರಿ."

ಮಠದಯ್ಯನವರು ಅವಳಿಗೆ ಕಟ್ಟಲೆಂದು ಹೊಸ ಲಿಂಗವೊಂದನ್ನು ತಂದಿದ್ದರು. ಅದನ್ನು ಮೆಲ್ಲಗೆ ಜೋಳಿಗೆಗೆ ಹಾಕಿಕೊಂಡು, "ಇರ್ಲಿ ಬಿಡ್ರಿ. ಆಯಮ್ಮ ಹೇಳಿದ್ದೇ ಸರಿ" ಎಂದು ಎದ್ದರು. ಮೈದುನ ಊಟ ಮಾಡದೆ ಬಸ್ಸು ಹತ್ತಿದ. ಮಾರನೆಯ ಬೆಳಿಗ್ಗೆ ಗೋಡೆಯಾಚೆಯಿಂದ ಮಂಡಕ್ಕಿ ವಾಸನೆ ಬಂತು. ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ಅವಳು ಆಮೇಲೆ ಎಷ್ಟೋ ವರ್ಷ ಬದುಕಿದಳು. ನನ್ನ ಮಕ್ಕಳನ್ನು ಆಡಿಸಿದಳು, ನನ್ನ ಬಾಯಿಗೆ ಬುದ್ಧಿ ಹೇಳಿದಳು. ಕೈಯ ನಡುಕ ಹೋಗಲಿಲ್ಲ, ನಾನು ಬೊಗಸೆ ಒಡ್ಡುವುದೂ ತಪ್ಪಲಿಲ್ಲ. ಪ್ರತಿ ಗೌರಿ ಹಬ್ಬದ ಹಿಂದಿನ ದಿನ ಹೊನ್ನಾಳಿ ಬಸ್ಸು ಬರುವ ಹೊತ್ತಿಗೆ ಅವಳು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ನೆಪಕ್ಕೆ ಕೈಯಲ್ಲೊಂದು ಮೊರ. ನಾವ್ಯಾರೂ ನೋಡಿಲ್ಲದವರಂತೆ ಇರುತ್ತಿದ್ದೆವು.

ಅವಳು ಹೋದಾಗ ಮೈದುನ ಬಂದ. ಅವನಿಗೂ ವಯಸ್ಸಾಗಿ ಕೋಲು ಬಂದಿತ್ತು. ಗುಣಿಯಲ್ಲಿ ಅವ್ವನನ್ನು ಕೂರಿಸಿದರು. ಎಡ ಅಂಗೈಯಲ್ಲಿ ಆ ಲಿಂಗ ಇಟ್ಟರು. ಜೀವಮಾನದಲ್ಲಿ ಅಷ್ಟು ವರ್ಷ ನಡುಗಿದ್ದ ಕೈ ಅಂದು ಅಲುಗಲಿಲ್ಲ. ನನ್ನ ಕೈಗಳೇ ತಾವಾಗಿ ಮುಂದೆ ಚಾಚಿಕೊಂಡಿದ್ದವು, ಯಾರೋ ಹಿಂದಕ್ಕೆ ಎಳೆದರು. ವಿಭೂತಿ, ಪತ್ರೆ, ಉಪ್ಪು ಎಲ್ಲ ಆದ ಮೇಲೆ ಮೊದಲ ಹಿಡಿ ಮಣ್ಣು ಹಾಕಲು ಮೈದುನ ಬಗ್ಗಿದ. ಅವನು ಅತ್ತಿಗೆ ಎನ್ನಲಿಲ್ಲ. ಆ ಅಂಗೈಯನ್ನೇ ನೋಡುತ್ತ, "ಬಂದ್ಯಾ ಮಗಾ... ಈಗ ಮಲಗು" ಎಂದ.

ಆ ಮನೆಯಲ್ಲೀಗ ಮೊಬೈಲ್ ಅಂಗಡಿ ಇದೆ. ಭಟ್ಟಿಯಿದ್ದ ಜಾಗದಲ್ಲಿ ಬೈಕು ನಿಲ್ಲಿಸುತ್ತಾರೆ. ನಮ್ಮ ಅಡುಗೆಮನೆಗೆ ಯಾವ ವಾಸನೆಯೂ ಬರುವುದಿಲ್ಲ, ಇಷ್ಟು ವರ್ಷವಾದರೂ ಬೆಳಿಗ್ಗೆ ಎದ್ದಾಗ ಏನೋ ಕೆಟ್ಟದ್ದಾಗಿದೆ ಅನ್ನಿಸುತ್ತದೆ. ಆಮೇಲೆ ನೆನಪಾಗುತ್ತದೆ, ಆಗಬೇಕಾದ್ದು ಎಂದೋ ಆಗಿಹೋಗಿದೆ...

"ಅಮ್ಮಾ, ನಿಮ್ದೇ ತಾನೆ?" ಬೆಳ್ಳಿ ಕೆಲಸದವನು ಮತ್ತೆ ಕೇಳಿದ. ವಸ್ತ್ರ ಬಿಚ್ಚಿ ನನ್ನ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ನೋಡಿದೆ. ನನಗೂ ವಯಸ್ಸಾಯಿತು, ಕೈ ಸಣ್ಣಗೆ ನಡುಗುತ್ತಿತ್ತು. ಕೆಳಗೆ ಬೊಗಸೆ ಒಡ್ಡುವವರು ಯಾರೂ ಇರಲಿಲ್ಲ.

"ನಂದೇ ಕಣಪ್ಪ" ಎಂದೆ.