ಹುಣಸೆಹುಳಿಯಲ್ಲಿ ತಿಕ್ಕಿದ ಚುಕ್ಕೆಗಳು

ಹಳೇ ಕಂಪ್ಯೂಟರಿನ ಅರ್ಧ ಕಾಯಿಲೆ ಕೊಳೆಯದು. ಒಳಗಿನ ಭಾಗಗಳು ಒಂದಕ್ಕೊಂದು ತಾಗಬೇಕಾದ ಜಾಗಕ್ಕೆ ಮಳೆಗಾಲದ ತೇವದಲ್ಲಿ ಕಪ್ಪು ಹಿಡಿದರೆ ಕರೆಂಟು ದಾಟುವುದಿಲ್ಲ. ಶಿಕಾರಿಪುರದ ನನ್ನ ರಿಪೇರಿ ಅಂಗಡಿಯಲ್ಲಿ ಇದಕ್ಕೆ ಔಷಧ ಶಾಲೆ ಮಕ್ಕಳ ರಬ್ಬರು. ಮೆಲ್ಲಗೆ ಉಜ್ಜಿ, ಪುಡಿ ಊದಿ, ನೀರು ತಾಗಿಸದೆ ಜೋಡಿಸಿದರೆ ಆಯಿತು. ಇಷ್ಟು ಬಲ್ಲೆನೆಂದು ನನಗೆ ಡಾಕ್ಟರಿಗಿಲ್ಲದ ಜಂಬವಿತ್ತು.

ಸೊರಬದಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬರ ಮನೆಗೆ ಪ್ರತಿ ಮಳೆಗಾಲ ಹೋಗುತ್ತಿದ್ದೆ. ಅವರಲ್ಲಿದ್ದದ್ದು ಪೆನ್‌ಡ್ರೈವ್ ಹಾಕಲೂ ಜಾಗವಿಲ್ಲದ ಓಬೀರಾಯನ ಕಾಲದ ಕಂಪ್ಯೂಟರು. ಅದರ ಹಾರ್ಡ್ ಡಿಸ್ಕಿನಲ್ಲಿ ಅವರ ಮಗಳ ದನಿ ಇತ್ತು. ಜ್ವರ ಬಂದು ತೀರಿಕೊಂಡ ಆ ಹತ್ತು ವರ್ಷದ ಹುಡುಗಿ ಮೈಕಿನಲ್ಲಿ ಹಾಡಲು ಹೊರಟು, ಹೊಲಿಗೆ ಯಂತ್ರದ ಸದ್ದಿಗೆ ರೇಗಿ, "ಅಮ್ಮಾ, ಮಿಷನ್ ನಿಲ್ಸೇ!" ಎನ್ನುತ್ತಾಳೆ. ಇದ್ದದ್ದು ಅಷ್ಟೇ. ಡಿಸ್ಕಿನ ಅಡಿಯ ಹಸಿರು ಬೋರ್ಡು ಬಿಚ್ಚಿ, ಡಿಸ್ಕಿಗೆ ತಾಗುವ ಅದರ ಹಳದಿ ಚುಕ್ಕೆಗಳನ್ನು ಉಜ್ಜಿದರೆ ಆ ದನಿ ಮತ್ತೆ ಬರುತ್ತಿತ್ತು.

ಅಂಗಡಿಗೆ ಒಯ್ದು ನಕಲು ಮಾಡಿಕೊಡುತ್ತೇನೆಂದು ಒಮ್ಮೆ ಹೇಳಿದ್ದೆ. "ಮನೆಯಿಂದ ಆಚೆ ಕಳ್ಸಲ್ಲ ಕಣ್ರೀ" ಎಂದರು. ನಾನು ಒತ್ತಾಯಿಸಲಿಲ್ಲ. ನಿಜ ಹೇಳಬೇಕೆಂದರೆ, ನಾನು ಹೋದರೇ ಆ ಮಗು ಮಾತಾಡುವುದು ಎಂಬುದು ನನಗೆ ಹಿತವಾಗಿತ್ತು.

ಈ ಮಳೆಗಾಲ ಅವರ ಫೋನು ಬಂದಾಗ ಅಂಗಡಿ ತುಂಬ ಗಿರಾಕಿಗಳು.

"ಅಣ್ಣಾ, ಮತ್ತೆ ಏಳ್ತಾ ಇಲ್ಲ ಕಣ್ರೀ. ಇವತ್ತು ಅವಳು ಹುಟ್ಟಿದ ದಿನ. ಬರ್ತೀರಾ?"

"ಇವತ್ತು ಆಗಂಗಿಲ್ಲ ಅಕ್ಕಾ. ಇಷ್ಟು ಸಲ ನೋಡೀರಲ್ಲ, ನೀವೇ ಬಿಚ್ರಿ. ಚುಕ್ಕಿ ಫಳಫಳ ಹೊಳಿಯೋ ಹಂಗ ತಿಕ್ಕಿ ಹಾಕ್ರಿ" ಎಂದು ರೇಗಿ ಫೋನಿಟ್ಟೆ.

ಹೊಲಿಗೆ ಯಂತ್ರದ ಸ್ಕ್ರೂಡ್ರೈವರಿನಲ್ಲೇ ಬಿಚ್ಚಿದರಂತೆ. ರಬ್ಬರಿಗೆ ಕಪ್ಪೇನೋ ಹೋಯಿತು, ಹೊಳಪು ಬರಲಿಲ್ಲ. ಹೊಳೆಯಬೇಕೆಂದು ನಾನು ಹೇಳಿದ್ದೆನಲ್ಲ! ದೇವರ ಮನೆಯ ಹಿತ್ತಾಳೆ ಸಾಮಾನನ್ನು ತಿಕ್ಕುವ ಹಾಗೆಯೇ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದರು. ನೀರಿನಲ್ಲಿ ತೊಳೆದು, ಸೆರಗಿನಲ್ಲಿ ಒರೆಸಿ, ಬೋರ್ಡನ್ನು ಮತ್ತೆ ಕೂರಿಸಿದರು. ಅದಕ್ಕೂ ಕುಂಕುಮ ಇಟ್ಟು ಸ್ವಿಚ್ಚು ಒತ್ತಿದರು. ಚಟ್ಟೆಂದಿತು.

ಮರುದಿನ ಮೊದಲ ಬಸ್ಸಿಗೇ ಹೋದೆ. ಉಪ್ಪು ನೀರಿನ ತೇವಕ್ಕೆ ಬೋರ್ಡು ಸುಟ್ಟು ಕರಕಲಾಗಿತ್ತು. ಅದೇ ಜಾತಿಯ ಇನ್ನೊಂದು ಬೋರ್ಡು ಹುಡುಕಿ ತರಲು ವಾರ ಹಿಡಿಯಿತು. ಹಾಕಿ ನೋಡಿದರೆ ಡಿಸ್ಕು ಮಿಸುಕಲಿಲ್ಲ, ಒಳಗೂ ಸುಟ್ಟಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ತಪ್ಪು ನಂದು ಅಕ್ಕಾ" ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನೀವೂ ವರ್ಷ ವರ್ಷ ಕೇಳಿದೀರಲ್ಲ ಅಣ್ಣಾ. ಅವಳು ನಿಲ್ಸೇ ಅಂತಿದ್ದಿದ್ದು ಹೆಂಗಿತ್ತು? ಒಂದ್ಸಲ ಹಂಗೇ ಹೇಳ್ರೀ."

ಬಾಯಿ ತೆರೆದೆ. ಅಷ್ಟು ವರ್ಷ ನಾನು ಕಿವಿಗೊಟ್ಟದ್ದು ಸ್ಪೀಕರಿನ ಗೊರಗೊರ ನಿಂತಿತೇ ಎಂದು ನೋಡಲು ಮಾತ್ರ. ಆ ಮಗುವಿನ ದನಿ ನನಗೆ ನೆನಪಿರಲಿಲ್ಲ.