ಹೊತ್ತು ತಂದ ಹಂಚು

ಜೆಪ್ಪುವಿನಲ್ಲಿ ನಮ್ಮ ಬೇಲಿಯಾಚೆ ಇದ್ದವಳು ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಳು. ಯಾರು ಎಂತ ಕೊಡಲು ಬಂದರೂ ಕೆಂಪು ಧೂಳಿನ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು, "ನನ್ನದು ನನಗೆ ಸಾಕು" ಎನ್ನುವಳು. ಸೊಟ್ಟಗಾದ ಹಂಚನ್ನು ಕಾರ್ಖಾನೆಯವರು ಕೆಲಸದವರಿಗೆ ಬಿಟ್ಟುಕೊಡುತ್ತಿದ್ದರು. ದಿನಕ್ಕೆರಡರಂತೆ ತಲೆಯ ಮೇಲೆ ಹೊತ್ತು ತಂದು, ಗಂಡನ ಮನೆಯ ಮುಳಿಹುಲ್ಲು ತೆಗೆಸಿ ಪೂರ್ತಿ ಹಂಚು ಹೊದಿಸಿದ್ದಳು.

ಗಂಡ ಬೇರೆ ಹೆಣ್ಣನ್ನು ಕಟ್ಟಿಕೊಳ್ಳಲು ಹೊರಟು ಬಿಡುಗಡೆ ಕೇಳಿದ. ಜಾತಿಯ ಗುರಿಕಾರರು ಅಂಗಳದಲ್ಲಿ ಕೂತು ತೀರ್ಪು ಕೊಟ್ಟರು: "ಮನೆ ಅವನದು. ನೀನು ತಂದದ್ದನ್ನು ನೀನು ಕೊಂಡುಹೋಗು."

ಚೆಂಬು, ಚಾಪೆ ಎಂದುಕೊಂಡಿದ್ದರು ಪಾಪ. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಗೋಡೆಗೆ ಏಣಿ ಇಟ್ಟಳು.

"ಎಂತ ಮಾಡ್ತಿ ಮಾರಾಯ್ತಿ?" ಗಂಡ ಕೂಗಿದ.

"ಮನೆ ನಿಮ್ಮದೇ, ನಾನು ಮುಟ್ಟುವುದಿಲ್ಲ. ನನ್ನದು ನನಗೆ ಸಾಕು" ಎಂದು ಮೇಲಿನಿಂದಲೇ ಹೇಳಿ ಮೊದಲ ಹಂಚು ಕಿತ್ತಳು.

ಸಂಜೆಯೊಳಗೆ ಹಂಚೆಲ್ಲ ಅವಳ ತಮ್ಮನ ಎತ್ತಿನ ಗಾಡಿ ಸೇರಿತು. ಒಂದು ಮೂಲೆಯಲ್ಲಿ ಮಂಚದಗಲದಷ್ಟು ಮಾತ್ರ ಹಾಗೆಯೇ ಉಳಿಯಿತು. ಅದರ ಕೆಳಗೆ ಹಾಸಿಗೆ ಹಿಡಿದ ಅತ್ತೆ ಮಲಗಿದ್ದಳು.

"ಅದು ಬೇಡವಾ?" ಎಂದರು ಗುರಿಕಾರರು.

ಅವಳು ಅಂಗೈ ಒರೆಸಿಕೊಂಡಳು. "ಅತ್ತೆ ನನ್ನ ಹತ್ತಿರ ಬಿಡುಗಡೆ ಕೇಳಲಿಲ್ಲವಲ್ಲ."

ಗಂಡನಿಗೆ ಹೊಸ ಹುಲ್ಲು ಹೊದಿಸಲು ಸಮಯ ಸಿಗುವ ಮೊದಲೇ ಮಳೆ ಹಿಡಿಯಿತು. ಬೇಲಿಯಿಂದ ಇಣುಕಿ ನೋಡಿದೆ. ಮನೆಯ ಯಜಮಾನ ತಾಯಿಯ ಕಾಲಬುಡದಲ್ಲಿ, ಬಿಟ್ಟ ಹೆಂಡತಿಯ ಹಂಚಿನಡಿ, ಮೊಣಕಾಲು ಮಡಚಿ ಕೂತಿದ್ದ.