ಬೇಡಿ ತಂದ ಅಂಗಿ

ಸಿದ್ದಾಪುರದಲ್ಲಿ ಭತ್ತದ ನಾಟಿ ಶುರುವಾಯಿತೆಂದರೆ ನಮ್ಮ ಪಕ್ಕದ ಮನೆಯ ಪಕ್ಕೀರವ್ವನ ಗಂಟಲು ಕಾಲುವೆಯ ಆಚೆ ದಂಡೆಗೂ ಕೇಳುತ್ತದೆ. ನಾಟಿಯ ಹೆಣ್ಣುಮಕ್ಕಳ ಗುಂಪಿಗೆ ಅವಳೇ ಮುಂದಾಳು. ಯಾರಾದರೂ ಅವಳ ಹೆಸರಿನ ಅರ್ಥ ಕೇಳಿದರೆ ಸೊಂಟದ ಮೇಲೆ ಕೈಯಿಟ್ಟು ಹೇಳುತ್ತಾಳೆ: "ಬಡವಗ ಹರಕ ಬಟ್ಟಿನಾರ ಇರ್ತೈತಿ. ಪಕ್ಕೀರಗ ಆ ಹರಕೂ ಬೇಡಿ ತಂದಿದ್ದು!"

ಅವಳಿಗಿಂತ ಮುಂಚೆ ಹುಟ್ಟಿದ ಕೂಸುಗಳು ಉಳಿಯಲಿಲ್ಲ. ಅದಕ್ಕೇ ಅವಳವ್ವ ಐದು ಮನೆಗಳಲ್ಲಿ ಹಿಡಿ ಜೋಳ, ಹಳೆಯ ಬಟ್ಟೆ ಬೇಡಿ ತಂದು, ಕೂಸಿಗೆ ಅದನ್ನೇ ತೊಡಿಸಿ ಈ ಹೆಸರಿಟ್ಟಳಂತೆ. ಇಷ್ಟು ಗತಿಗೆಟ್ಟ ಕೂಸನ್ನು ಸಾವೂ ಮೂಸಿ ನೋಡುವುದಿಲ್ಲ ಎಂಬ ಲೆಕ್ಕ.

ಈ ವರ್ಷ ಪಕ್ಕೀರವ್ವನ ಸೊಸೆ ಸುರೇಖಾಳಿಗೆ ದಿನ ತುಂಬುವ ಮೊದಲೇ ಹೆಣ್ಣುಕೂಸು ಹುಟ್ಟಿತು. ಗಂಗಾವತಿಯ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿದ್ದು ಮನೆಗೆ ಬಂತು. ಅತ್ತರೆ ಬೆಕ್ಕಿನ ಮರಿಯಷ್ಟು ಸದ್ದು. ಹೆದರಬೇಡಿ ಎಂದು ಡಾಕ್ಟರು ಹೇಳಿದ್ದರೂ ಪಕ್ಕೀರವ್ವನ ಬಾಯಿ ಕಟ್ಟಿಹೋಯಿತು. ಅವಳ ಗದ್ದಲವಿಲ್ಲದ ಓಣಿ ಕಂಡು ನನಗಂತೂ ಸಂಕಟವಾಯಿತು. ಬಿ.ಎಡ್. ಓದಿದ ಸೊಸೆಯ ಮುಂದೆ ಬೇಡುವ ಮಾತೆತ್ತಲು ಅವಳಿಗೆ ಅಂಜಿಕೆ. ತೊಟ್ಟಿಲಿಗೆ ಹಾಕುವ ದಿನ ಬೆಳಿಗ್ಗೆ ಯಾರಿಗೂ ಹೇಳದೆ ಮೊರ ಹಿಡಿದು ಹೊರಟಳು.

ಆದರೆ ನಮ್ಮ ಓಣಿ ಬಿಡಬೇಕಲ್ಲ! ನಾನು ಮೊರದ ತುಂಬ ಅಕ್ಕಿ ಸುರಿದೆ. ಎದುರು ಮನೆಯ ತಾಹೇರ ಜರಿಯ ಹೊಸ ಫ್ರಾಕೊಂದನ್ನು ತಂದು ಅದರ ಮೇಲಿಟ್ಟಳು.

"ತೆಲಿ ಗಿಲಿ ಕೆಟ್ಟೈತೇನು ನಿಮ್ದು? ಹಿಂಗ ಕೊಟ್ರ ಇದು ಸಾವ್ಕಾರ್ರ ಕೂಸು ಅಂತ ಸಾವಿಗೆ ಗೊತ್ತಾಗೂದಿಲ್ಲೇನು? ಒಂದ್ ಹಿಡಿ ಹಾಕ್ರಿ. ಹಳೇ ಅಂಗಿ ಕೊಡ್ರಿ!" ಪಕ್ಕೀರವ್ವ ಬೈಯುತ್ತಲೇ ಅಳುತ್ತಿದ್ದಳು.

ತಾಹೇರ ಒಳಗೆ ಹೋಗಿ ಮೊಮ್ಮಗನ ಬಣ್ಣಗೆಟ್ಟ ಅಂಗಿ ತಂದಳು. ನಾನು ಕೊಟ್ಟ ಅಕ್ಕಿಯನ್ನೇ ವಾಪಸು ತೆಗೆದುಕೊಂಡು ಒಂದು ಹಿಡಿ ಉಳಿಸಿದೆ. ಇಂಥ ಜಿಪುಣತನ ನಾನು ಜನ್ಮದಲ್ಲಿ ಮಾಡಿರಲಿಲ್ಲ.

ಮನೆಗೆ ಮರಳಿದರೆ ಬಾಗಿಲಲ್ಲೇ ಸುರೇಖಾ. ಪಕ್ಕೀರವ್ವ ಮೊರವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಸೊಸೆ ಸೆರಗು ಸರಿಸಿ ಅಂಗಿಯನ್ನು ನೋಡಿದಳು. ಅದನ್ನು ಒಳಗೆ ಒಯ್ದು, ಕುದಿಯುವ ನೀರಿಗೆ ಹಾಕಿ, ಬಿಸಿಲಲ್ಲಿ ಒಣಗಿಸಿ ಕೂಸಿಗೆ ತೊಡಿಸಿದಳು.

ಸಂಜೆ ತೊಟ್ಟಿಲ ಸುತ್ತ ಹೆಂಗಸರು ಸೇರಿದರು. ಸುರೇಖಾ ಮೊದಲೇ ಆರಿಸಿಟ್ಟ ಹೆಸರು ತನ್ವಿಕಾ.

"ಅತ್ತೀ, ಬೇಡಿದ ಅಂಗಿ ಹಾಕಿ ತನ್ವಿಕಾ ಅಂತ ಕರದ್ರ ಸಾವಿಗೆ ಸಂಶಯ ಬರೂದಿಲ್ಲೇನ್ರಿ?" ಎಂದವಳೇ ಬಗ್ಗಿ, ಕೂಸಿನ ಕಿವಿಯಲ್ಲಿ ಎಲ್ಲರಿಗೂ ಕೇಳುವಂತೆ ಕರೆದಳು: "ಪಕ್ಕೀರವ್ವ!"

"ಓ!" ಎಂದು ಅಜ್ಜಿ ಓಗೊಟ್ಟಳು, ಕಾಲುವೆಯ ಆಚೆ ದಂಡೆಗೂ ಕೇಳುವ ಆ ಹಳೆಯ ಗಂಟಲಲ್ಲಿ. ಬೆಚ್ಚಿಬಿದ್ದ ಕೂಸು ಅಷ್ಟೇ ಜೋರಾಗಿ ಅಳತೊಡಗಿತು.